ಗುರುವಾರದ ಬೋರ್ಡು

ಮಾರ್ಚ್ ೧೧, ಸೋಮವಾರ. ಹೊಲಿಗೆ ಅಂಗಡಿ, ನೀನು ಊಟಕ್ಕೆ ಹೋಗಿದ್ದೀಯ.

ಪ್ರೀತಿಯ ಅಕ್ಕಾ,

ಎದುರಿಗೆ ಹೇಳಲಾಗದೆ ಬರೆಯುತ್ತಿದ್ದೇನೆ. ಕಳೆದ ಗುರುವಾರ ನೀನು ಬಾಗಿಲಿಗೆ ನೇತುಹಾಕಿದ್ದ 'ಮನಸ್ಸಿನ ಡಾಕ್ಟರ ಹತ್ತಿರ ಹೋಗಿದ್ದೇನೆ, ನಾಲ್ಕಕ್ಕೆ ಬರುತ್ತೇನೆ' ಎಂಬ ಬೋರ್ಡು ತೆಗೆದು 'ರಜೆ' ಎಂದು ಹಾಕಿದ್ದು ನಾನೇ. ವಾಪಸ್ ಬಂದು ಅದನ್ನು ನೋಡಿ ನೀನು ಗಿರಾಕಿಗಳೆದುರೇ ನಕ್ಕೆ: "ನಾನೇನ್ ಕದಿಯೋಕೆ ಹೋಗಿದ್ನೇನೋ, ಮುಚ್ಚಿಡೋಕೆ?"

ಬೈಪೋಲಾರ್ ಕಾಯಿಲೆಯ ಉಬ್ಬರದಲ್ಲಿ ಒಮ್ಮೆ ಯಾರೂ ಕೇಳದ ಹದಿನೇಳು ಅಂಗಿಗೆ ಬಟ್ಟೆ ಕತ್ತರಿಸಿದವಳು ನೀನು. ಈಗ ಒಂದೇ ದಿನ ನಿದ್ದೆ ತಪ್ಪಿದರೂ ನೀನಾಗಿಯೇ ಕತ್ತರಿ ಕೆಳಗಿಟ್ಟು ಡಾಕ್ಟರಿಗೆ ಫೋನ್ ಮಾಡುತ್ತೀಯ. ಅಷ್ಟು ಧೈರ್ಯವನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ.

ನನಗೆ ಎರಡು ತಿಂಗಳಿಂದ ಹಾಸಿಗೆ ಬಿಟ್ಟು ಏಳುವುದೇ ಬೇಡವೆನಿಸುತ್ತಿದೆ. ಬೆನ್ನುನೋವು ಎಂದದ್ದು ಸುಳ್ಳು. ಈ ಗುರುವಾರ ನಿನ್ನ ಜೊತೆ ನಾನೂ ಬರುವುದೆಂದು ತೀರ್ಮಾನಿಸಿದ್ದೇನೆ. ನನ್ನ ಹೆಸರಲ್ಲೂ ಒಂದು ಚೀಟಿ ಮಾಡಿಸು.

ನಿನ್ನ ತಮ್ಮ