ಅಂಗಳದಲ್ಲಿ ನಿಲ್ಲಬೇಡ

ಭಾವಿಕೇರಿ
ಶ್ರಾವಣ ಸೋಮವಾರ, ೧೯೩೪

ಪ್ರೀತಿಯ ತಮ್ಮ ಪುಟ್ಟುಗೆ ಗಂಗಕ್ಕನ ಆಶೀರ್ವಾದ.

ನಿನ್ನ ಎರಡು ಕಾಗದ ಬಂದರೂ ಉತ್ತರ ಬರೆಯಲು ಕೈ ಬರಲಿಲ್ಲ, ಸಿಟ್ಟಾಗಬೇಡ. ನೀನೇ ಕಲಿಸಿದ ಅಕ್ಷರ, ಸೊಟ್ಟಗಿದ್ದರೆ ಬೈಸಿಕೊಳ್ಳಬೇಕಾದವನೂ ನೀನೇ. ಗದ್ದೆಯ ನೆಟ್ಟಿ ಮುಗಿಯಿತು. ಅವ್ವಿಯ ಕಾಲುನೋವು ಹಾಗೇ ಇದೆ.

ಕಾರವಾರಕ್ಕೆ ತರಕಾರಿ ಹೊತ್ತುಕೊಂಡು ಹೋದ ಮಾದೇವ ನಿನ್ನೆ ಬಂದು ನಿನ್ನ ಸುದ್ದಿ ಹೇಳಿದ. ದೇವಿದಾಸ ವಕೀಲರು ಮನೆಯಲ್ಲಿಟ್ಟುಕೊಂಡು ಮೆಟ್ರಿಕ್ ಓದಿಸಲು ಒಬ್ಬ ಹುಡುಗನನ್ನು ಹುಡುಕುತ್ತಿದ್ದಾರಂತೆ. ನಿಮ್ಮ ಮಾಸ್ತರರೇ ನಿನ್ನನ್ನು ಕಳಿಸಿದರಂತೆ. ನೀನು ಅವರ ಅಂಗಳದ ತೆಂಗಿನ ಬುಡದಲ್ಲಿ ಸಂಜೆವರೆಗೆ ನಿಂತು, ಬಾಯಿ ಬಿಡದೆ ತಿರುಗಿ ಬಂದೆಯಂತೆ. ಅಯ್ಯೋ ಮಾರಾಯಾ! ಈ ಆಸರೆ ತಪ್ಪಿದರೆ ನಿನ್ನ ಓದು ಅಲ್ಲಿಗೇ ಮುಗಿಯಿತು. ನೇಗಿಲು ಹಿಡಿಯಲು ಬರುತ್ತೀಯೋ ಏನು?

ನಮ್ಮ ರೂಢಿ ನನಗೆ ಗೊತ್ತಿಲ್ಲವೇ? ದೊಡ್ಡವರ ಮನೆಗೆ ಹೋದರೆ ಕೂಗಬಾರದು, ಕೆಮ್ಮಲೂಬಾರದು, ಒಳಗಿನಿಂದ ‘ಯಾರದು?’ ಅನ್ನುವವರೆಗೆ ಅಂಗಳದಲ್ಲೇ ಕಾಯಬೇಕು ಅಂತ ಅಪ್ಪ ಎಲ್ಲರಿಗೂ ಕಲಿಸಿದ್ದು. ಬೆಂಕಿ ಬೀಳಲಿ ಆ ಮರ್ಯಾದೆಗೆ! ನಾಳೆಯೇ ಹೋಗು. ಜಗಲಿ ಹತ್ತಿ ನಿಂತು, ‘ನಾನು ಭಾವಿಕೇರಿಯ ಪುಟ್ಟು, ಓದಬೇಕು ಅಂತ ಬಂದಿದ್ದೇನೆ’ ಅಂತ ಗಟ್ಟಿಯಾಗಿ ಹೇಳು. ಕೊಂಕಣಿಯಲ್ಲಿ ಮಾತಾಡಿಸಿದರೆ ಬರುವುದಿಲ್ಲ ಅನ್ನು, ನಕ್ಕರೆ ನಗಲಿ. ನಿನಗೆ ತಿಳಿಯದ್ದನ್ನು ಅವರನ್ನೇ ಕೇಳು. ಯಾರಾದರೂ ಬಂದು ಕೇಳಲಿ ಅಂತ ದೊಡ್ಡವರಿಗೂ ಆಸೆ ಇರುತ್ತದೆ. ಬೈದರೆ ಬೈಯಲಿ, ಬೈಗುಳದಿಂದ ಯಾರೂ ಸಾಯುವುದಿಲ್ಲ.

ನಿನ್ನ ಬಾವ ಎದುರಿಗೇ ಕೂತಿದ್ದಾರೆ. ಈಗೀಗ ಅವರ ಬಾಯಲ್ಲಿ ಮಾತೇ ಇಲ್ಲ. ‘“ಜಗಲಿ ಹತ್ತು” ಹೇಳಿ ದೊಡ್ಡ ಅಕ್ಷರದಲ್ಲಿ ಬರಿ’ ಅಂತ ಮಾತ್ರ ಅಂದರು. ನೀನಾದರೂ ಅವರ ಮಾತು ನಡೆಸು.

ದೇವರು ನಿನಗೆ ಧೈರ್ಯ ಕೊಡಲಿ, ಬಾಯಿ ಕೊಡಲಿ.

ನಿನ್ನ
ಗಂಗಕ್ಕ

ತಾ.ಕ.: ನಮ್ಮ ಕೂಸು ಸೋಮಿಗೆ ಕೆಂಪು ರಿಬ್ಬನ್ನು ತರುತ್ತೇನೆ ಅಂತ ನೀನು ಬರೆದಿದ್ದೆ. ತರಬೇಡ ತಮ್ಮಾ. ಆಷಾಢದಲ್ಲಿ ಕೂಸಿಗೆ ಜ್ವರ ಏರಿ ಸೆಳೆತ ಬಂತು. ಬಾವ ಹೆಗಲ ಮೇಲೆ ಹಾಕಿಕೊಂಡು ಅಂಕೋಲೆಯ ಡಾಕ್ಟರರ ಮನೆಗೆ ಓಡಿದರು. ಡಾಕ್ಟರರು ಒಳಗೆ ಊಟಕ್ಕೆ ಕೂತಿದ್ದರು. ಬಾವ ಅಂಗಳದಲ್ಲಿ ನಿಂತರು. ಕೂಗಲಿಲ್ಲ. ಊಟ ಮುಗಿಸಿ ಕೈ ತೊಳೆಯಲು ಹೊರಗೆ ಬಂದ ಡಾಕ್ಟರರು, ‘ಒಂದು ಮಾತು ಕೂಗೂಕೆ ಏನಾಗಿತ್ತೋ ನಿಂಗೆ?’ ಅಂದರಂತೆ. ಅಷ್ಟರಲ್ಲಿ ಕೂಸು ಹೆಗಲ ಮೇಲೇ ತಣ್ಣಗಾಗಿತ್ತು.