ಕೊರಳಪಟ್ಟಿಗೆ ಅಂಟಿದ ಗುಂಡುಸೂಜಿ

ಅಪ್ಪಾ,

ನೀನು ನಿದ್ದೆಯಲ್ಲಿದ್ದೆ, ಎಬ್ಬಿಸಲಿಲ್ಲ. ಬೆಕ್ಕಿಗೆ ಹಾಲು ಹಾಕಿದ್ದೀನಿ. ಅದು ಎಷ್ಟೇ ಗೋಗರೆದರೂ ಮತ್ತೆ ಹಾಕಬೇಡ.

ಬೆಕ್ಕು ಒಳಗೆ ಹೊರಗೆ ಓಡಾಡೋ ಪುಟ್ಟ ಬಾಗಿಲು ಕೂಡಿಸೋಕೆ ಮಧ್ಯಾಹ್ನ ಬಡಗಿ ಬರ್ತಾನೆ. ಅಂಗಡಿಯವನು ನೋಡೋಕೆ ಕೊಟ್ಟ ಎರಡರಲ್ಲಿ ಕೊರಳಿಗೆ ಬ್ಯಾಟರಿ ಪಟ್ಟಿ ಕಟ್ಟೋದನ್ನೇ ಕೂಡಿಸಲಿ. ಅದೂ ಪಟ್ಟಿ ಕಟ್ಟಿದ ನಮ್ಮ ಬೆಕ್ಕಿಗೆ ಮಾತ್ರ ತೆರೆಯುತ್ತೆ, ಪಕ್ಕದ ಮನೆಯ ಕಳ್ಳ ಗಂಡುಬೆಕ್ಕಿಗಲ್ಲ. "ಅಯಸ್ಕಾಂತದ್ದೇ ವಾಸಿ, ಬ್ಯಾಟರಿ ಗೊಡವೆ ಇಲ್ಲ" ಅಂತ ಹಟ ಹಿಡೀಬೇಡ. ರೂಢಿಯಾಗಲಿ ಅಂತ ನೀನು ಕಟ್ಟಿದ್ದೆಯಲ್ಲ, ಆ ಅಯಸ್ಕಾಂತದ ಪಟ್ಟಿಗೆ ನಿನ್ನೆ ಗುಂಡುಸೂಜಿಗಳು ಅಂಟಿಕೊಂಡಿದ್ದವು. ಅಮ್ಮ ಹೊಲಿಯುವಾಗ ನೆಲಕ್ಕೆ ಬೀಳಿಸುತ್ತಿದ್ದ ಸೂಜಿಗಳೇ. ಬೆಕ್ಕು ನುಂಗಿದ್ದರೆ ಏನು ಗತಿ? ಪಟ್ಟಿ ಬಿಚ್ಚಿಟ್ಟಿದ್ದೀನಿ, ಮತ್ತೆ ಕಟ್ಟಬೇಡ.

ಆಮೇಲೆ ಹೊಳೆಯಿತು. ಅಮ್ಮ ಹೋದಮೇಲೆ ಅವಳ ಹೊಲಿಗೆ ಕೋಣೆಗೆ ಚಿಲಕ ಹಾಕಿದವಳು ನಾನೇ, ನೀನು ನೋಡಿ ನೋಡಿ ಕೊರಗಬಾರದು ಅಂತ. ಬೆಕ್ಕಿಗೆ ಚಿಲಕ ತೆಗೆಯೋಕೆ ಬರಲ್ಲ, ಅಪ್ಪಾ.

ನಾನು ಕೆಲಸಕ್ಕೆ ಹೋದಮೇಲೆ ನೀನೂ ಬೆಕ್ಕೂ ಆ ಕೋಣೆಯಲ್ಲೇ ಕೂತಿರ್ತೀರಿ ಅಲ್ವಾ? ನಾನು ಬರೋ ಹೊತ್ತಿಗೆ ಏನೂ ಆಗಿಲ್ಲ ಅನ್ನೋ ಹಾಗೆ ಪೇಪರ್ ಹಿಡಿದುಕೊಂಡು ಹೊರಗೆ.

ಬೈತಾ ಇಲ್ಲ. ಸೂಜಿಗಳು ಅಡುಗೆಮನೆಯ ಕಪಾಟಿನಲ್ಲಿ ಸಣ್ಣ ಬಟ್ಟಲಲ್ಲಿವೆ, ಎಸೆಯಬೇಡ. ಅವಳ ಸೂಜಿ ಡಬ್ಬಿಗೇ ಹಾಕೋಣ ಅಂತ ಬೆಳಿಗ್ಗೆ ಚಿಲಕ ತೆಗೆದೆ. ಮಿಷನ್ ಮೇಲೆ ಅವಳ ಕನ್ನಡಕ ಕಾಣಿಸಿತು. ಹೊಸಿಲು ದಾಟೋಕೆ ಆಗಲಿಲ್ಲ.

ಕೋಣೆಯ ಬಾಗಿಲು ತೆರೆದೇ ಇದೆ, ಹಾಗೇ ಇರಲಿ. ಉಳಿದ ಸೂಜಿ ಹುಡುಕೋಕೆ ನೆಲ ಒಬ್ಬನೇ ಗುಡಿಸಬೇಡ. ಸಂಜೆ ಬೇಗ ಬರ್ತೀನಿ.

ನನ್ನನ್ನೂ ಒಳಗೆ ಕರ್ಕೊಂಡು ಹೋಗು.