ಅಮ್ಮನ ಹೆಗಲಿಗೊಂದು ಹಗುರ ರೈಫಲ್

ಬಫೆಲೊ, ವೈಯೋಮಿಂಗ್
ಫೆಬ್ರವರಿ ೨೬

ಪ್ರೀತಿಯ ಅಮ್ಮ,

ಹೆಗಲು ಹೇಗಿದೆ ಎಂದು ಕೇಳುವುದಿಲ್ಲ. ಹೊಲಿಗೆ ಬಿಚ್ಚಿದ ಮಾರನೆಯ ದಿನವೇ ನೀನು ಹುಲ್ಲಿನ ಕಟ್ಟು ಎತ್ತಿರುತ್ತೀಯ, ನನಗೆ ಮಾತ್ರ ಚೆನ್ನಾಗಿದೆ ಎಂದು ಬರೆಯುತ್ತೀಯ. ನೀನು ಹೇಳಿದ ರೈಫಲ್ ನೋಡಿಟ್ಟಿದ್ದೇನೆ. ಅದರ ವಿಷಯ ಮೊದಲು ಬರೆಯುತ್ತೇನೆ, ಏಕೆಂದರೆ ಬರೆಯಲು ಅದೇ ಸುಲಭ.

ಫೋನಿನಲ್ಲಿ ನೀನು ಮೂರೇ ಮಾತು ಹೇಳಿದ್ದೆ: ಹಗುರ ಇರಬೇಕು, ಅಗ್ಗ ಇರಬೇಕು, ಅಂಗಡಿಯವನ ಭಾಷಣ ಇರಬಾರದು. ಮೊದಲ ಎರಡು ಸಿಕ್ಕವು. ಗ್ರಂಥಾಲಯದ ಕೆಲಸ ಮುಗಿಸಿಕೊಂಡು ಶನಿವಾರ ವೆಂಡೆಲ್‌ನ ಅಂಗಡಿಗೆ ಹೋದೆ. ಬಂದೂಕಿನ ಎಣ್ಣೆ, ಸೀದ ಕಾಫಿ, ಇವೆರಡರ ಕೆಳಗೆ ಇನ್ನೊಂದು ವಾಸನೆ ಇತ್ತು. ಅದೇನೆಂದು ಆಗ ತಿಳಿಯಲಿಲ್ಲ. ಕಾಫಿ ಪಾತ್ರೆಯ ಸುತ್ತ ಕೂತಿದ್ದ ಗಂಡಸರೆಲ್ಲ ನನ್ನ ಕಡೆ ತಿರುಗಿದರು. ನನಗೆ ಅಲ್ಲಿಂದಲೇ ಹಿಂದಿರುಗಿಬಿಡೋಣ ಅನ್ನಿಸಿತು. ಆದರೂ ಗಾಜಿನ ಪೆಟ್ಟಿಗೆಯ ಹತ್ತಿರ ಹೋಗಿ, ಅಮ್ಮನಿಗೆ ಹೆಗಲಿನ ಶಸ್ತ್ರಚಿಕಿತ್ಸೆ ಆಗಿದೆ, ಅಪ್ಪನ ಹಳೆಯ ರೈಫಲ್ ಎತ್ತಲಾಗುತ್ತಿಲ್ಲ, ಕುರಿ ಈಯುವ ಕಾಲ ಹತ್ತಿರ ಬಂತು, ಮರಿಗಳನ್ನು ಹೊತ್ತೊಯ್ಯುವ ಕೊಯೋಟೆಗಳ ಕಾಟಕ್ಕೆ ಹಗುರವಾದದ್ದು ಬೇಕು ಎಂದು ಉಸಿರು ಬಿಡದೆ ಹೇಳಿದೆ.

“ಗುಲಾಬಿ ಬಣ್ಣದ್ದೂ ಇದೆ ಮರಿ, ತೋರಿಸ್ಲಾ?” ಎಂದ ವೆಂಡೆಲ್.

ಹಿಂದಿನಿಂದ ಒಬ್ಬ, “ಇವ್ಳಿಗ್ಯಾಕೋ ಬಂದೂಕು? ಸಾಹಿತ್ಯ ಓದಿದ ಹುಡುಗಿ. ಕೊಯೋಟೆ ಮುಂದೆ ನಿಂತು ಎರಡು ಪದ್ಯ ಓದಿದ್ರೆ ಸಾಕು, ಬೇಜಾರಾಗಿ ಜಿಲ್ಲೆನೇ ಬಿಟ್ಟು ಹೋಗತ್ತೆ,” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ನೋಡು. ಅದು ನೆನಪಾದಾಗಲೆಲ್ಲ ಬಾಯಿ ತೊಳೆದುಕೊಳ್ಳಬೇಕು ಅನ್ನಿಸುತ್ತದೆ.

ವೆಂಡೆಲ್ ಮೊದಲು ತೋರಿಸಿದ್ದು ದಪ್ಪ ನಳಿಗೆಯದ್ದು. ಎಷ್ಟು ಹೊಡೆದರೂ ಗುರಿ ತಪ್ಪುವುದಿಲ್ಲವಂತೆ. ಎತ್ತಿ ನೋಡಿದರೆ ಅಪ್ಪನದಕ್ಕಿಂತ ಭಾರ. ಆಮೇಲೆ ತೋರಿಸಿದ್ದು ಹಗುರವೇ, ಆದರೆ ಅದಕ್ಕೆ ಹಾಕುವುದು ದೊಡ್ಡ ತೋಟಾ. ಜಿಂಕೆಗೂ ಆಗುತ್ತದೆ, ದೂರಕ್ಕೂ ಹೋಗುತ್ತದೆ ಎಂದು ಹೊಗಳಿದ. ಅದರ ಒದೆತ ಯಾವ ಹೆಗಲಿಗೆ ಬೀಳುತ್ತದೆ ಎಂಬ ಯೋಚನೆ ಅವನಿಗಿರಲಿಲ್ಲ. ಮೂರನೆಯದು ನನಗೆ ಒಪ್ಪಿಗೆಯಾಯಿತು. ೨೨೩ ಎನ್ನುವ ಸಣ್ಣ ತೋಟಾ, ಎಲ್ಲ ಕಡೆ ಸಿಗುತ್ತದೆ, ಅಗ್ಗವೂ ಹೌದು, ಒದೆತ ಇಲ್ಲವೆನ್ನುವಷ್ಟು ಕಡಿಮೆ. ದುರ್ಬೀನು ಬಿಟ್ಟು ಆರು ಪೌಂಡಿಗಿಂತ ಕಡಿಮೆ ತೂಕ. ಹೆಗಲಿಗೆ ಆನಿಸುವ ಭಾಗ ಬರೀ ಪ್ಲಾಸ್ಟಿಕ್, ತಟ್ಟಿದರೆ ಡಬ್ಬದ ಹಾಗೆ ಸದ್ದು ಬರುತ್ತದೆ. ನೀನು ಖಂಡಿತ ಬೈಯುತ್ತೀಯ. ನಳಿಗೆ ತೆಳ್ಳಗಿದೆ, ಮೂರು ನಾಲ್ಕು ಗುಂಡಿಗೇ ಬಿಸಿಯಾಗಿ ಗುರಿ ಅತ್ತಿತ್ತ ಆಗುತ್ತದಂತೆ. ಆದರೆ ನೀನು ಒಂದೇ ಸಮನೆ ಹೊಡೆಯುವವಳಲ್ಲ. ಬೆಲೆ ನಾನೂರು ಡಾಲರಿನ ಆಸುಪಾಸು. ನಿನ್ನ ಹೆಸರಿನಲ್ಲಿ ತೆಗೆದಿಡಲು ಹೇಳಿದ್ದೇನೆ. ನೀನೇ ಬಂದು ಸಹಿ ಹಾಕಬೇಕು, ಬೇರೆಯವರ ಪರವಾಗಿ ಕೊಳ್ಳುವಂತಿಲ್ಲ.

ಸುಲಭದ್ದು ಇಲ್ಲಿಗೆ ಮುಗಿಯಿತು, ಅಮ್ಮ.

ಅಂಗಡಿಯ ಹಿಂದಿನ ಅಂಗಳದಲ್ಲಿ ಅಂದು ಕೊಯೋಟೆ ಬೇಟೆಯ ಸ್ಪರ್ಧೆಯಲ್ಲಿ ಕೊಂದವುಗಳ ತೂಕ ನಡೆಯುತ್ತಿತ್ತು, ಹೆಚ್ಚು ತೂಕ ತಂದವರಿಗೆ ಬಹುಮಾನ. ಚಳಿಗಾಲದುದ್ದಕ್ಕೂ ತಿಂಗಳಿಗೊಮ್ಮೆ ಮಾಡುತ್ತಾರಂತೆ. ಪೇಯೊ ಅಣ್ಣನ ಪಿಕಪ್ ಅಲ್ಲಿ ನಿಂತದ್ದು ಕಂಡು ಮಾತಾಡಿಸಲು ಹೋದೆ. ಒಳಗೆ ಬರುತ್ತಿದ್ದ ವಾಸನೆ ಅಲ್ಲಿಯದು. ಪಿಕಪ್‌ಗಳ ಹಿಂಬದಿಯಿಂದ ಸತ್ತ ಕೊಯೋಟೆಗಳನ್ನು ಹಿಂಗಾಲು ಹಿಡಿದು ಎಳೆದು, ನೆಲದ ಮೇಲೆ ಸಾಲಾಗಿ ಹಾಕುತ್ತಿದ್ದರು. ಮಂಜು ಕೆಂಪು ಕೆಸರಾಗಿತ್ತು. ಪ್ರತಿಯೊಂದರ ಬಾಯಿಗೂ ಒಂದು ಮರದ ಬೆಣೆ ತುರುಕಿ ತಂತಿಯಲ್ಲಿ ಬಿಗಿದಿದ್ದರು. ಮೊದಲೇ ಕೊಂದಿಟ್ಟದ್ದನ್ನು ಯಾರೂ ತರಬಾರದಲ್ಲ, ಅದಕ್ಕೆ. ಸ್ಪರ್ಧೆ ಶುರುವಾದ ಮೇಲೆ ಗುರುತು ಹಾಕಿದ ಬೆಣೆ ಕೊಡುತ್ತಾರೆ. ಕೊಂದ ಕೂಡಲೆ ದವಡೆ ಸೆಟೆದುಕೊಳ್ಳುವ ಮುಂಚೆ ಅದನ್ನು ಬಾಯಿಗೆ ಇಡಬೇಕು. ಹಾಗಾಗಿ ಅಷ್ಟೂ ಕೊಯೋಟೆಗಳು ಏನೋ ಹೇಳಲು ಬಾಯಿ ತೆರೆದ ಹಾಗೆ ಬಿದ್ದಿದ್ದವು. ಒಂದರ ಹೊಟ್ಟೆ ಮರಿಗಳಿಂದ ಉಬ್ಬಿತ್ತು. ಅದು ತೂಕಕ್ಕೆ ಒಳ್ಳೆಯದಾಯಿತು ಎಂದು ಯಾರೋ ಅಂದರು. ಸಾಸೇಜು ತಿನ್ನುತ್ತಲೇ ಅಂದರು.

ಪೇಯೊನ ಜೊತೆಗಾರ ಕ್ಲೇಟ್ ನಿನಗೆ ಗೊತ್ತಲ್ಲ, ಬಾಯಿಗೆ ಬಾಗಿಲಿಲ್ಲದವನು. ಅವರಿಬ್ಬರಿಗೆ ಎರಡನೆಯ ಸ್ಥಾನ ಬಂದಿತ್ತು. ನಾನು ಹಿಂದೆ ನಿಂತದ್ದು ನೋಡದೆ ಅವನು ಯಾರಿಗೋ ಹೇಳುತ್ತಿದ್ದ: “ಹೋದ ತಿಂಗಳು ನಾವೇ ಮೊದಲು ಬರ್ತಿದ್ವಿ ಕಣೋ. ನೂರು ಪೌಂಡಿನ ಬಿಳೀದು ಹೊಡ್ದಿದ್ದ ಪೇಯೊ. ಬಾಯಿಗೆ ಬೆಣೆ ಹಾಕೋಕೇ ಬಿಡ್ಲಿಲ್ಲ ಪುಣ್ಯಾತ್ಮ.”

ಅಮ್ಮ, ನೂರು ಪೌಂಡಿನ ಕೊಯೋಟೆ ಭೂಮಿಯ ಮೇಲೆ ಇಲ್ಲ.

ಪೇಯೊನ ಮುಖ ನೋಡಿದೆ. ಅವನು ನನ್ನನ್ನು ನೋಡಿದ. ಇಬ್ಬರೂ ಹೋಗಿ ಅವನ ಪಿಕಪ್‌ನೊಳಗೆ ಕೂತೆವು. ಸ್ಟಿಯರಿಂಗ್ ಹಿಡಿದುಕೊಂಡೇ ಅವನು ಎಲ್ಲ ಹೇಳಿದ.

ನೀನು ಆಸ್ಪತ್ರೆಯಲ್ಲಿದ್ದ ವಾರ ಅದು. ಕುರಿಗಳನ್ನು ನೋಡಿಕೊಳ್ಳುತ್ತೇನೆಂದು ಅವನು ಮನೆಗೆ ಬಂದಿದ್ದನಲ್ಲ, ಸ್ಪರ್ಧೆಯೂ ಆಗಲೇ ಇತ್ತು. ಅಂದು ಬೆಳಿಗ್ಗೆ ನಮ್ಮ ಬಿಳಿ ಕಾವಲು ನಾಯಿ ಗಾಸ್ತಾನಿಗೆ ಊಟ ಹಾಕಿ, ಕುರಿಗಳ ಹತ್ತಿರ ಬಿಟ್ಟು, ಕ್ಲೇಟ್ ಜೊತೆ ನಮ್ಮದೇ ದಿಣ್ಣೆಯ ಆಚೆ ಹೋಗಿ ಕೂತಿದ್ದಾನೆ. ಕೊಯೋಟೆಗಳನ್ನು ಕರೆಯುವ ಪೆಟ್ಟಿಗೆಯನ್ನು ಹುಲ್ಲಿನಲ್ಲಿಟ್ಟು, ಅದರಲ್ಲಿ ಕುರಿಮರಿ ಅರಚುವ ದನಿ ಹಾಕಿದ್ದಾರೆ. ಕುರಿಮರಿಯ ದನಿ ಅಮ್ಮ. ನಮ್ಮ ನಾಯಿ ಕಾಯುವ ಜಾಗದಲ್ಲಿ, ಹುಟ್ಟಿದಾಗಿನಿಂದ ನೀನು ಕುರಿಗಳ ನಡುವೆಯೇ ಮಲಗಿಸಿ ಬೆಳೆಸಿದ ನಾಯಿಗೆ ಕೇಳುವ ಹಾಗೆ. ಅದು ಬಾರದೆ ಇರುತ್ತದೆಯೇ?

ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. “ಬಿಸಿಲು ಕಣ್ಣಿಗೆ ಹೊಡೀತಿತ್ತು ಮಾಯಾ. ಒಣಹುಲ್ಲಿನ ಬಣ್ಣ, ಒಂದು ಎದೆ, ಅಷ್ಟೇ ಕಂಡಿದ್ದು. ಸೀದಾ ಓಡಿ ಬಂದ. ಕೊಯೋಟೆ ಹಂಗ್ ಬರಲ್ಲ, ಸುತ್ತು ಹಾಕಿ ಗಾಳಿ ಮೂಸ್ಕೊಂಡ್ ಬರತ್ತೆ. ಸೀದಾ ಬಂತಲ್ಲ ಅಂತ ಆಗ್ಲೇ ಹೊಳೀಬೇಕಿತ್ತು ನಂಗೆ.”

ಗುಂಡಿ ತೋಡಲು ನೆಲ ಹೆಪ್ಪುಗಟ್ಟಿತ್ತಂತೆ. ತೊರೆಯ ಆಚೆ ಕಲ್ಲು ಒಟ್ಟಿ ಮುಚ್ಚಿದ್ದಾನೆ. ಆಮೇಲೆ ಏನು ಮಾಡಿದಿರಿ ಎಂದೆ. ಇನ್ನೂ ಎರಡು ಹೊಡೆದೆವು ಎಂದ. ನಾನು ಬಾಗಿಲು ತೆಗೆದು ಇಳಿದೆ. ತಪ್ಪಾಗಿ ಹೊಡೆದದ್ದನ್ನು ನಾನು ಹೇಗೋ ಅರಗಿಸಿಕೊಳ್ಳಬಹುದೇನೋ. ಆ ಎರಡನ್ನು ಆಗುವುದಿಲ್ಲ. ಅದಕ್ಕಿಂತ ಹೇಸಿಗೆ ಎಂದರೆ, ನೀನು ಬ್ಯಾಂಡೇಜು ಕಟ್ಟಿದ ಹೆಗಲು ಹೊತ್ತು ತೊರೆಯ ಉದ್ದಕ್ಕೂ ಗಾಸ್ತಾ, ಗಾಸ್ತಾ ಎಂದು ಕೂಗುತ್ತಾ ಹೋದಾಗ ಇವನೂ ನಿನ್ನ ಜೊತೆ ನಡೆದು ಕೂಗಿದ್ದಾನೆ. ಕೊಯೋಟೆಗಳ ಗುಂಪು ಎಳೆದುಕೊಂಡು ಹೋಗಿರಬೇಕು ಎಂದು ಅವನೇ ಹೇಳಿದ್ದು. ಈಗ ಅವುಗಳನ್ನು ಕೊಲ್ಲಲು ನಿನ್ನ ಹೊಸ ಬಂದೂಕಿಗೆ ಕ್ಲೇಟನಿಗೆ ಹೇಳಿ ದುರ್ಬೀನು ಅಗ್ಗಕ್ಕೆ ಕೊಡಿಸುತ್ತೇನೆ ಎಂದೂ ನನ್ನ ಹತ್ತಿರ ಹೇಳಿದ.

ಅಮ್ಮನಿಗೆ ಹೇಳಬೇಡ ಎಂದು ಬೇಡಿಕೊಂಡ. ಕೊಯೋಟೆಯ ಮೇಲಾದರೆ ಬರೀ ಸಿಟ್ಟು ಬರುತ್ತದೆ, ನನ್ನ ಮೇಲಾದರೆ ಅವಳು ಕುರಿಗಳನ್ನೇ ಮಾರಿಬಿಡುತ್ತಾಳೆ ಎಂದ. ಇರಬಹುದು. ನಾನೂ ಎರಡು ದಿನ ಸುಮ್ಮನಿದ್ದೆ.

ಆದರೆ ಭಾನುವಾರ ನೀನು ಫೋನಿನಲ್ಲಿ, “ಈ ಸಲ ಒಂದನ್ನೂ ಬಿಡಲ್ಲ ಕಣೇ,” ಎಂದೆಯಲ್ಲ, ಅದು ನಿನ್ನ ದನಿಯಾಗಿರಲಿಲ್ಲ. ಕುರಿ ಮುಟ್ಟದ ಕೊಯೋಟೆಯನ್ನು ಕೊಂದರೆ ಆ ಜಾಗಕ್ಕೆ ಮುಟ್ಟುವಂಥದ್ದು ಬರುತ್ತದೆ ಎಂದು ನನಗೆ ಕಲಿಸಿದವಳು ನೀನು. ಪಕ್ಕದವರು ಬೇಲಿಗೆ ಕೊಯೋಟೆಗಳನ್ನು ನೇತುಹಾಕಿದಾಗ ಸುತ್ತುದಾರಿ ಹಿಡಿದು ಪೇಟೆಗೆ ಹೋಗುತ್ತಿದ್ದವಳು. ನೀನು ಆ ಅಂಗಳದ ಜನರ ಹಾಗೆ ಆಗುವುದನ್ನು, ಅದೂ ಒಂದು ಸುಳ್ಳಿಗಾಗಿ ಆಗುವುದನ್ನು, ನೋಡಿಕೊಂಡು ನಾನು ಸುಮ್ಮನಿರಲಾರೆ. ಹೇಳಿದರೆ ಮನೆ ಒಡೆಯುತ್ತದೋ ಏನೋ. ಹೇಳದಿದ್ದರೆ ನೀನು ಒಡೆದುಹೋಗುತ್ತೀಯ.

ರೈಫಲ್ ಮುಂದಿನ ತಿಂಗಳ ಕೊನೆಯವರೆಗೆ ಇಟ್ಟಿರುತ್ತಾರೆ. ಅದು ಒಳ್ಳೆಯದೇ, ನಿನ್ನ ಹೆಗಲಿಗೆ ಸರಿಯಾದದ್ದೇ. ಮರಿ ಹಿಡಿಯಲು ಬಂದದ್ದಕ್ಕೆ ಬೇಕೇ ಬೇಕು ಎಂದೂ ಗೊತ್ತು. ಬಂದು ಸಹಿ ಹಾಕುವುದು ಬಿಡುವುದು ಎಲ್ಲ ತಿಳಿದ ಮೇಲೆ ನೀನು ಮಾಡುವ ತೀರ್ಮಾನ. ಮರಿ ಹಾಕುವ ದಿನಗಳಿಗೆ ನಾನು ರಜೆ ಹಾಕಿ ಬರುತ್ತೇನೆ, ಬೇಡ ಎಂದರೂ.

ನಿನ್ನನ್ನು ಅಪ್ಪಿಕೊಂಡು, ಆ ಹೆಗಲು ಬಿಟ್ಟು,
ನಿನ್ನ ಮಾಯಲೆನ್

ತಾ.ಕ.: ಕುರಿಗಳು ನೆಕ್ಕುವ ಉಪ್ಪಿನ ಗಟ್ಟಿಗಳನ್ನು ತಲುಪಿಸಲು ಪೇಯೊ ಇಂದು ನಿನ್ನಲ್ಲಿಗೆ ಬರುತ್ತಿದ್ದಾನೆ. ಇದನ್ನು ಅಂಚೆಗೆ ಹಾಕಲಿಲ್ಲ, ಅವನ ಕೈಗೇ ಕೊಟ್ಟು ಓದಿಸಿದೆ. ನನ್ನ ಅಡುಗೆಮನೆಯಲ್ಲಿ ನಿಂತೇ ಓದಿದ. ಹರಿದುಹಾಕುತ್ತಾನೆ ಎಂದುಕೊಂಡಿದ್ದೆ. ಒಂದು ವಿಷಯ ಬಿಟ್ಟುಹೋಗಿದೆ, ಅದನ್ನೂ ಬರೆದರೆ ಮಾತ್ರ ಒಯ್ಯುತ್ತೇನೆ ಎಂದ: ಗಾಸ್ತಾ ಮೊದಲ ಗುಂಡಿಗೆ ಸತ್ತಿರಲಿಲ್ಲವಂತೆ. ಹತ್ತಿರ ಹೋಗಿ ಹೆಸರು ಹಿಡಿದು ಕರೆದಾಗ ಬಾಲ ಆಡಿಸಿದನಂತೆ. ಎರಡನೆಯ ಗುಂಡೂ ಕ್ಲೇಟನದಲ್ಲ, ಅವನದೇ. ಬರೆದಿದ್ದೇನೆ. ಗಾಡಿ ಸ್ಟಾರ್ಟ್ ಮಾಡಿಕೊಂಡು ಹೊರಗೆ ಕಾಯುತ್ತಿದ್ದಾನೆ.